ಗಾಡಿ ಅಚ್ಚು, ಬಳಪದ ಕಂಬ: ಲೇತ್‌ನಲ್ಲಿ ಓರೆ ಕಡೆಯುವ ಕಥೆ

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಯಾವ ಕಡೆಗೆ ಬಸ್ ಹತ್ತಿದರೂ ಊರು ಶುರುವಾಗುವ ಮೊದಲು ಒಂದು ಬೋರ್ಡ್ ಕಾಣುತ್ತದೆ: 'ಲೇತ್ ಮತ್ತು ವೆಲ್ಡಿಂಗ್ ವರ್ಕ್ಸ್'. ತಗಡಿನ ಷೆಡ್, ಮುಂದೆ ಬಿಚ್ಚಿ ಹಾಕಿದ ಟ್ರ್ಯಾಕ್ಟರ್ ಭಾಗ, ಒಳಗೆ ಎಣ್ಣೆ ಬಣ್ಣಕ್ಕೆ ತಿರುಗಿದ ನೆಲ. ಪಂಪ್‌ಸೆಟ್ ಷಾಫ್ಟ್ ಸವೆದಾಗ, ಹಿಟ್ಟಿನ ಗಿರಣಿಯ ಬುಷ್ ಹೋದಾಗ ನಾವೆಲ್ಲ ಅಲ್ಲಿಗೆ ಹೋದವರೇ. ಕೆಲಸ ಮುಗಿಯುವವರೆಗೆ ಹೊರಗೆ ಟೀ ಕುಡಿಯುತ್ತಾ ನಿಂತಿರುತ್ತೇವೆ. ಒಳಗೆ ಏನು ನಡೆಯುತ್ತದೆ ಎಂದು ನೋಡುವುದು ಕಡಿಮೆ.

ಈ ಸಲ ನಾವು ಒಳಗೆ ಹೋಗಿ ನೋಡಿದ್ದು ಒಂದೇ ಒಂದು ಕೆಲಸ. ಅದರ ಹೆಸರು ಟೇಪರ್. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ, ನಡುವೆ ಎಲ್ಲೂ ಮೆಟ್ಟಿಲಿಲ್ಲದೆ ಒಂದೇ ಓರೆಯಲ್ಲಿ ಇಳಿಯುವ ಆಕಾರ. ಲಟ್ಟಣಿಗೆಯ ತುದಿ, ಬುಗುರಿ, ತೊಟ್ಟಿಲ ಕಾಲು ಎಲ್ಲದರಲ್ಲೂ ಅದು ಇದೆ. ನೋಡಲು ಸುಲಭ. ಮಾಡಲು ಹೋದರೆ ಗೊತ್ತಾಗುತ್ತದೆ.

ನಮ್ಮ ಕಡೆಯವರಿಗೆ ಹತ್ತಿರದ ಉದಾಹರಣೆ ಎತ್ತಿನ ಗಾಡಿ. ಮರದ ಚಕ್ರದ ಹಳೇ ಗಾಡಿಯ ಕಬ್ಬಿಣದ ಅಚ್ಚನ್ನು ನೆನಪಿಸಿಕೊಳ್ಳಿ. ಅಚ್ಚಿನ ತುದಿ ಹೊರಕ್ಕೆ ಹೋದಂತೆ ಸಣ್ಣದಾಗುತ್ತದೆ. ಚಕ್ರದ ಗುಂಬದೊಳಗೆ ಕೂರಿಸಿದ ಕಬ್ಬಿಣದ ಬುಷ್‌ಗೂ ಅದೇ ಓರೆ ಇರುತ್ತದೆ. ಚಕ್ರ ಜಾರಿ ಹೋಗದಂತೆ ಕೊನೆಗೆ ಕಡಾಣಿ. ಸವೆದ ಹಾಗೆ ಚಕ್ರ ಸ್ವಲ್ಪ ಒಳಕ್ಕೆ ಸರಿದು ಮತ್ತೆ ಹೊಂದಿಕೊಳ್ಳುತ್ತದೆ; ನೇರ ಕೊಳವೆಯಾಗಿದ್ದರೆ ಸವೆದಷ್ಟೂ ಲೊಡಲೊಡ ಅನ್ನುತ್ತದೆ. ಬೂಕನಬೆಟ್ಟದ ದನಗಳ ಜಾತ್ರೆಗೆ ರಾತ್ರಿಯೆಲ್ಲ ಗಾಡಿ ಕಟ್ಟಿಕೊಂಡು ಹೋದ ಹಿರಿಯರಿಗೆ ಈ ಲೊಡಲೊಡ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಈಗ ಮರದ ಚಕ್ರದ ಗಾಡಿ ಅಪರೂಪ. ಟೇಪರ್ ಮಾತ್ರ ಹೋಗಿಲ್ಲ. ಟ್ರ್ಯಾಕ್ಟರ್ ಸ್ಟೇರಿಂಗಿನ ಬಾಲ್ ಜಾಯಿಂಟ್ ಪಿನ್ನಿನಲ್ಲಿ ಅದಿದೆ. ಲೇತ್‌ನ ಟೈಲ್‌ಸ್ಟಾಕ್‌ಗೆ ಸಿಕ್ಕಿಸುವ ಡ್ರಿಲ್ ಚಕ್ಕಿನ ಬಾಲದಲ್ಲೂ ಇದೆ. ಆ ಬಾಲದ ಓರೆಗೆ ಲೇತ್‌ನವರು 'ಮೋರ್ಸ್ ಟೇಪರ್' ಅನ್ನುತ್ತಾರೆ. ಅದು 1860ರ ದಶಕದಲ್ಲಿ ಡ್ರಿಲ್ ಬಿಟ್ ಮಾಡುತ್ತಿದ್ದ ಸ್ಟೀಫನ್ ಮೋರ್ಸ್ ಎಂಬ ಅಮೆರಿಕನ್ನನ ಹೆಸರು. ಓರೆ ಒಂದು ಬದಿಗೆ ಸುಮಾರು ಒಂದೂವರೆ ಡಿಗ್ರಿ, ಅಷ್ಟೇ. ಅಷ್ಟು ಕಡಿಮೆ ಇರುವುದರಿಂದಲೇ ಒಮ್ಮೆ ಗುದ್ದಿ ಕೂರಿಸಿದರೆ ನಟ್ಟು ಬೋಲ್ಟು ಇಲ್ಲದೆ ಕಚ್ಚಿಕೊಂಡು ನಿಲ್ಲುತ್ತದೆ.

ನಮ್ಮ ಬಳಗದ ಒಬ್ಬರ ಮನೆಯಲ್ಲಿ ಹಳೆಯದೊಂದು ಚಿಕ್ಕ ಲೇತ್ ಇದೆ. ಹವ್ಯಾಸಕ್ಕೆ ಇಟ್ಟುಕೊಂಡದ್ದು. ಅದಕ್ಕೆ ಟೇಪರ್ ಅಟ್ಯಾಚ್‌ಮೆಂಟ್ ಮಾಡಿ ನೋಡೋಣ ಎಂದು ಹೊರಟೆವು. ಚನ್ನರಾಯಪಟ್ಟಣ ತಾಲ್ಲೂಕಿನ ಒಬ್ಬ ಹಿರಿಯ ಲೇತ್ ಮೇಸ್ತ್ರಿ ದಾರಿ ತೋರಿಸಿದರು. ಅವರಿಗೆ ಹೆಸರು ಹಾಕಿಸಿಕೊಳ್ಳುವುದು ಇಷ್ಟವಿಲ್ಲ.

ಮೊದಲು ಅವರು ಕೇಳಿದ್ದು, 'ಅಟ್ಯಾಚ್‌ಮೆಂಟ್ ಯಾಕ್ ಬೇಕು, ಇಲ್ದಲೇನೂ ಓರೆ ಹೊಡೀಬಹುದಲ್ಲ?' ನಿಜ. ಎರಡು ದಾರಿ ಮೊದಲೇ ಇವೆ. ಟೂಲ್ ಹಿಡಿಯುವ ಕಾಂಪೌಂಡ್ ಸ್ಲೈಡನ್ನು ಓರೆಗೆ ತಿರುಗಿಸಿ ಕೈಯಲ್ಲೇ ಹ್ಯಾಂಡಲ್ ಸುತ್ತಬಹುದು. ಆದರೆ ಚಿಕ್ಕ ಲೇತ್‌ನಲ್ಲಿ ಆ ಸ್ಲೈಡ್ ನಾಲ್ಕು ಬೆರಳು ದೂರ ಹೋದರೆ ಹೆಚ್ಚು. ಇನ್ನೊಂದು ದಾರಿ, ಟೈಲ್‌ಸ್ಟಾಕನ್ನೇ ಪಕ್ಕಕ್ಕೆ ಸರಿಸುವುದು. ಆಗ ಜಾಬ್ ಇಡಿಯಾಗಿ ಓರೆ ನಿಲ್ಲುತ್ತದೆ, ಟೂಲ್ ನೇರ ಹೋಗುತ್ತದೆ, ಫಲ ಟೇಪರ್.

ಇದರ ಲೆಕ್ಕ ನೋಡಿ. ದಪ್ಪ ತುದಿ 50 ಮಿಲಿಮೀಟರ್, ಸಣ್ಣ ತುದಿ 40, ಟೇಪರಿನ ಉದ್ದ 250 ಅಂದುಕೊಳ್ಳಿ. ವ್ಯತ್ಯಾಸ 10, ಅದರ ಅರ್ಧ 5. ಐದನ್ನು 250ರಿಂದ ಭಾಗಿಸಿದರೆ 0.02. ಅಂದರೆ ಟೂಲ್ 100 ಮಿಲಿಮೀಟರ್ ಮುಂದೆ ಹೋದರೆ 2 ಮಿಲಿಮೀಟರ್ ಒಳಕ್ಕೋ ಹೊರಕ್ಕೋ ಸರಿಯಬೇಕು. ಕೋನ ಒಂದು ಡಿಗ್ರಿಗಿಂತ ತುಸು ಹೆಚ್ಚು. ಈಗ ತಮಾಷೆ ಇರುವುದು ಇಲ್ಲಿ. ಟೇಪರ್ ಬೇಕಾದದ್ದು 250 ಮಿಲಿಮೀಟರ್ ಉದ್ದಕ್ಕೆ ಮಾತ್ರ, ಆದರೆ ಷಾಫ್ಟ್ ಇಡಿಯಾಗಿ ಒಂದು ಮೀಟರ್ ಇದ್ದರೆ ಟೈಲ್‌ಸ್ಟಾಕನ್ನು 1000ಕ್ಕೆ 0.02ರಂತೆ 20 ಮಿಲಿಮೀಟರ್ ಸರಿಸಬೇಕು. ಎಷ್ಟೋ ಲೇತ್‌ಗಳು ಅಷ್ಟು ಸರಿಯುವುದೇ ಇಲ್ಲ. ಸರಿದರೂ ಸೆಂಟರಿನ ಮೊನೆ ಜಾಬಿನ ತೂತಿನಲ್ಲಿ ಸರಿಯಾಗಿ ಕೂರದೆ ತೂತೇ ಕೆಡುತ್ತದೆ. ಕೆಲಸ ಮುಗಿದ ಮೇಲೆ ಟೈಲ್‌ಸ್ಟಾಕನ್ನು ಮತ್ತೆ ನೇರಕ್ಕೆ ತರುವುದು ಅರ್ಧ ದಿನದ ತಲೆನೋವು. ಮತ್ತೆ ಬುಷ್‌ನ ಒಳಗೆ ಟೇಪರ್ ಕೊರೆಯಲು ಈ ದಾರಿಯಲ್ಲಿ ಆಗುವುದೇ ಇಲ್ಲ.

ಅಟ್ಯಾಚ್‌ಮೆಂಟ್ ಇವೆರಡರ ರಗಳೆಯನ್ನೂ ತಪ್ಪಿಸುತ್ತದೆ. ಲೇತ್ ಬೆಡ್ಡಿನ ಹಿಂಭಾಗದಲ್ಲಿ ಎರಡು ಆಂಗಲ್ ತುಂಡು ಬಿಗಿದು ಅದರ ಮೇಲೆ ಒಂದು ದಪ್ಪ ಕಬ್ಬಿಣದ ಪಟ್ಟಿ ಕೂರಿಸುತ್ತಾರೆ. ಪಟ್ಟಿಯ ನಡುವೆ ಒಂದು ಬೋಲ್ಟು. ಅದರ ಸುತ್ತ ಪಟ್ಟಿ ಓರೆಯಾಗಿ ತಿರುಗಬಲ್ಲದು. ಎರಡೂ ತುದಿಯಲ್ಲಿ ಉದ್ದ ತೂತು, ಬೇಕಾದ ಓರೆಗೆ ಇಟ್ಟು ಬಿಗಿಯಲು. ಪಟ್ಟಿಯ ಮೇಲೆ ಒಂದು ಗಟ್ಟಿ ಗುಬುಟು ಜಾರುತ್ತದೆ. ಆ ಗುಬುಟಿನಿಂದ ಒಂದು ಕೊಂಡಿ ಕ್ರಾಸ್ ಸ್ಲೈಡಿಗೆ ಬರುತ್ತದೆ. ಲೇತ್‌ನ ಕ್ಯಾರೇಜ್ ಎಡಕ್ಕೆ ಓಡುತ್ತಿದ್ದಂತೆ ಗುಬುಟು ಓರೆ ಪಟ್ಟಿಯ ಮೇಲೆ ಜಾರುತ್ತದೆ, ಕೊಂಡಿ ಎಳೆಯುತ್ತದೆ, ಟೂಲ್ ತಾನಾಗಿಯೇ ಸರಿಯುತ್ತದೆ. ನಮ್ಮ ಪಟ್ಟಿ 300 ಮಿಲಿಮೀಟರ್. 0.02 ಓರೆಗೆ ಒಂದು ತುದಿಯನ್ನು ನೇರ ಗೆರೆಯಿಂದ 3 ಮಿಲಿಮೀಟರ್ ಈಚೆ, ಇನ್ನೊಂದನ್ನು 3 ಮಿಲಿಮೀಟರ್ ಆಚೆ ಇಟ್ಟರೆ ಸಾಕು. ಪಟ್ಟಿಯನ್ನು ಅಲುಗಿಸದೆ ಬುಷ್‌ನ ಒಳಗೂ ಅದೇ ಓರೆ ಕೊರೆಯಬಹುದು. ಬುಷ್‌ನ ಸಣ್ಣ ಬಾಯಿ ಟೈಲ್‌ಸ್ಟಾಕ್ ಕಡೆಗೆ ಇರುವಂತೆ ಚಕ್ಕಿಗೆ ಹಿಡಿಯಬೇಕು.

ಹೇಳಿದಷ್ಟು ಸಲೀಸಾಗಿ ಏನೂ ಆಗಲಿಲ್ಲ. ಮೊದಲ ದಿನ ಕ್ರಾಸ್ ಸ್ಲೈಡಿನ ಸ್ಕ್ರೂ ನಟ್ಟನ್ನು ಬಿಚ್ಚುವುದನ್ನೇ ಮರೆತೆವು. ಸ್ಲೈಡನ್ನು ಪಟ್ಟಿ ಒಂದು ಕಡೆ ಎಳೆಯಿತು, ಸ್ಕ್ರೂ ಬಿಡಲಿಲ್ಲ, ಇಬ್ಬರ ಜಗಳದಲ್ಲಿ ಕೊಂಡಿ ಬಾಗಿತು. ನಟ್ಟು ಬಿಚ್ಚಿ ಸ್ಲೈಡನ್ನು ಸ್ವತಂತ್ರ ಬಿಡಬೇಕು. ಆಮೇಲೆ ಎಷ್ಟು ಆಳ ಕತ್ತರಿಸಬೇಕು ಎಂಬುದನ್ನು ಕಾಂಪೌಂಡ್ ಸ್ಲೈಡನ್ನು ಅಡ್ಡಕ್ಕೆ ತಿರುಗಿಸಿಟ್ಟು ಅದರಿಂದ ಕೊಡಬೇಕು. ಎರಡನೆಯ ದಿನ ಟೇಪರ್ ಬಂತು, ಆದರೆ ಶುರುವಿನ ಅರ್ಧ ಇಂಚು ನೇರವಾಗಿಯೇ ಉಳಿಯಿತು. ಕೊಂಡಿಯ ಕೀಲುಗಳಲ್ಲಿ ಕೂದಲೆಳೆ ಸಡಿಲ ಇದ್ದರೂ ಹೀಗಾಗುತ್ತದೆ. ಮೇಸ್ತ್ರಿ ನಕ್ಕು, ಟೂಲನ್ನು ಜಾಬಿನಿಂದ ಒಂದು ಇಂಚು ಹಿಂದಿನಿಂದಲೇ ಓಡಿಸಿಕೊಂಡು ಬನ್ನಿ ಎಂದರು. ಜಾಬು ಮುಟ್ಟುವ ಹೊತ್ತಿಗೆ ಸಡಿಲ ಎಲ್ಲಾ ಎಳೆದುಕೊಂಡಿರುತ್ತದೆ. ಟೂಲಿನ ಮೊನೆ ಸೆಂಟರಿನ ಎತ್ತರಕ್ಕೆ ಸರಿಯಾಗಿ ಇಲ್ಲದಿದ್ದರೆ ಲೆಕ್ಕವೆಲ್ಲ ಸರಿ ಇದ್ದೂ ಓರೆ ತಪ್ಪುತ್ತದೆ ಎಂಬುದು ಮೂರನೆಯ ಪಾಠ.

ಸರಿ ಬಂತೋ ಇಲ್ಲವೋ ಎಂದು ಅವರು ನೋಡಿದ ರೀತಿ ನಮಗೆ ಬಹಳ ಹಿಡಿಸಿತು. ಜೇಬಿನಿಂದ ಒಂದು ಬಳಪ ತೆಗೆದರು. ಟೇಪರಿನ ಉದ್ದಕ್ಕೆ ಮೂರು ಗೆರೆ ಎಳೆದರು. ಬುಷ್‌ನೊಳಗೆ ತೂರಿಸಿ ಒಂದು ಸಲ ಮೆಲ್ಲಗೆ ತಿರುಗಿಸಿ ಹೊರಗೆ ತೆಗೆದರು. ಗೆರೆ ಪೂರ್ತಿ ಉಜ್ಜಿಹೋಗಿದ್ದರೆ ಉದ್ದಕ್ಕೂ ಮುಟ್ಟುತ್ತಿದೆ ಎಂದರ್ಥ. ಒಂದು ತುದಿಯಲ್ಲಷ್ಟೇ ಅಳಿಸಿದ್ದರೆ ಓರೆ ತಪ್ಪಿದೆ.

ಬಳಪ ಅಂದೊಡನೆ ನಮಗೆ ನೆನಪಾದದ್ದು ನಮ್ಮದೇ ತಾಲ್ಲೂಕುಗಳ ಕಂಬಗಳು. ಹೊಯ್ಸಳರ ಗುಡಿಗಳನ್ನು ಕಟ್ಟಿದ ಕಲ್ಲಿಗೆ ನಮ್ಮ ಜನ ಇಟ್ಟ ಹೆಸರು ಬಳಪದ ಕಲ್ಲು. ಆ ಗುಡಿಗಳ ಒಳಗಿನ ದುಂಡು ಕಂಬಗಳನ್ನು 'ತಿರುಗಣೆ ಕಂಬ' ಎಂದು ಕರೆಯುತ್ತಾರೆ. ತಿರುಗಿಸಿ ಕಡೆದ ಕಂಬ, ಅಂದರೆ ಲೇತ್ ಕೆಲಸ.

ಇದನ್ನು ಮೊದಲು ಕೇಳಿದಾಗ ಗೈಡ್‌ಗಳ ಉತ್ಪ್ರೇಕ್ಷೆ ಅಂದುಕೊಂಡಿದ್ದೆವು. ಬೇಲೂರಿನ ನರಸಿಂಹ ಕಂಬ ಒಂದು ಕಾಲದಲ್ಲಿ ನಿಂತಲ್ಲೇ ತಿರುಗುತ್ತಿತ್ತು ಎಂದೂ ಹೇಳುತ್ತಾರಲ್ಲ, ಅಂಥದೇ ಇನ್ನೊಂದು ಎಂದು. ಆದರೆ ಲೇತ್ ಪಕ್ಕದಲ್ಲಿ ನಾಲ್ಕು ದಿನ ನಿಂತ ಮೇಲೆ ಶ್ರವಣಬೆಳಗೊಳದ ಅಕ್ಕನ ಬಸದಿಗೆ ಹೋದರೆ ಕಣ್ಣು ಬೇರೆಯಾಗಿರುತ್ತದೆ. ಅದು 1181ರ ಕಟ್ಟಡ. ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ ಕಟ್ಟಿಸಿದ್ದು. ಒಳಗೆ ನವರಂಗದಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳು. ಕೆಳಗೆ ಚೌಕ ಪೀಠ. ಅದರ ಮೇಲೆ ಗಂಟೆಯಾಕಾರ, ಮೇಲೆ ಹೋದಂತೆ ಕಿರಿದಾಗುತ್ತಾ ಕುತ್ತಿಗೆಯಾಗುತ್ತದೆ, ಮತ್ತೆ ಅಗಲವಾದ ತಟ್ಟೆ. ನಡುನಡುವೆ ಕಂಬವನ್ನು ಪೂರ್ತಿ ಸುತ್ತುವ ಸಣ್ಣ ಸಣ್ಣ ಗೀರುಗಳು, ಚೂಪಾದ ಅಂಚುಗಳು. ಉಳಿ ಸುತ್ತಿಗೆಯಲ್ಲಿ ಕೆತ್ತಿದರೆ ಸುತ್ತಿನ ಒಂದು ಕಡೆಯಾದರೂ ಗೀರು ಅಲ್ಪ ಅತ್ತಿತ್ತ ಆಗಿಯೇ ಆಗುತ್ತದೆ. ಇವು ಹಾಗಿಲ್ಲ. ತಿರುಗುವ ಕಲ್ಲಿಗೆ ನಿಂತ ಉಳಿ ತಾಗಿದಾಗ ಬರುವ ಗೀರು ಇದು.

ಚೌಕ ಪೀಠವನ್ನು ಗಮನಿಸಿ. ಲೇತ್‌ನಲ್ಲಿ ಚೌಕ ಸರಳಿನ ನಡುಭಾಗವನ್ನಷ್ಟೇ ದುಂಡು ಮಾಡಿ ತುದಿಯನ್ನು ಚೌಕವಾಗಿ ಬಿಟ್ಟರೆ ಹೇಗೋ, ಹಾಗೆ.

ಕನ್ನಡ ಭಾಷೆಗೆ ಇದು ಮೊದಲೇ ಗೊತ್ತಿತ್ತು. 'ಕಡೆ' ಎಂಬ ಕ್ರಿಯಾಪದಕ್ಕೆ ನಿಘಂಟಿನಲ್ಲಿ ಎರಡು ಅರ್ಥ ಅಕ್ಕಪಕ್ಕ ಇವೆ. ಒಂದು ಮಜ್ಜಿಗೆ ಕಡೆಯುವುದು. ಇನ್ನೊಂದು ತಿರುಗಣೆಯಲ್ಲಿಟ್ಟು ಕಡೆಯುವುದು. ಕಡೆಗೋಲಿಗೆ ಹಗ್ಗ ಸುತ್ತಿ ಅತ್ತ ಎಳೆದು ಇತ್ತ ಎಳೆದರೆ ಕೋಲು ಒಂದು ಸಲ ಹೀಗೆ, ಒಂದು ಸಲ ಹಾಗೆ ತಿರುಗುತ್ತದೆ. ಹಳೇ ಕಾಲದ ಲೇತ್ ಇದೇ. ಒಬ್ಬ ಹಗ್ಗವನ್ನೋ ಬಿಲ್ಲನ್ನೋ ಎಳೆಯುತ್ತಿದ್ದ, ಇನ್ನೊಬ್ಬ ಉಳಿ ಹಿಡಿಯುತ್ತಿದ್ದ. ಈಜಿಪ್ಟಿನಲ್ಲಿ ಪೆಟೊಸಿರಿಸ್ ಎಂಬ ಪೂಜಾರಿಯ ಸಮಾಧಿಯ ಗೋಡೆಯಲ್ಲಿ, ಕ್ರಿಸ್ತಪೂರ್ವ 300ರ ಸುಮಾರಿನ, ಲೇತ್‌ನ ಚಿತ್ರವಿದೆ. ಅಲ್ಲೂ ಇಬ್ಬರೇ: ಒಬ್ಬ ಹಗ್ಗ, ಒಬ್ಬ ಉಳಿ. ಚನ್ನಪಟ್ಟಣದಲ್ಲಿ (ನಮ್ಮ ಚನ್ನರಾಯಪಟ್ಟಣ ಅಲ್ಲ, ಬೆಂಗಳೂರು–ಮೈಸೂರು ದಾರಿಯದು) ಹಾಲೆಮರದ ಗೊಂಬೆ ಕಡೆಯುವವರು ಈಗ ಕರೆಂಟು ಮೋಟರಿಗೆ ಬಂದಿದ್ದಾರೆ. ಆದರೆ ಬುಗುರಿಯ ಓರೆಯನ್ನು ಈಗಲೂ ಕಣ್ಣಳತೆಯಲ್ಲೇ, ಕೈಯಲ್ಲಿ ಹಿಡಿದ ಉಳಿಯಿಂದಲೇ ತೆಗೆಯಬಲ್ಲವರು ಅಲ್ಲಿದ್ದಾರೆ.

ಮರ ಸರಿ, ಕಲ್ಲು ಹೇಗೆ? ಉತ್ತರ ಇರುವುದು ಆ ಕಲ್ಲಿನಲ್ಲೇ. ಗಟ್ಟಿತನದ ಒಂದರಿಂದ ಹತ್ತರ ಅಳತೆಯಲ್ಲಿ ಬಳಪದ ಮುಖ್ಯ ಖನಿಜ ಟಾಲ್ಕ್ ಒಂದರಲ್ಲೇ ನಿಲ್ಲುತ್ತದೆ. ಉಗುರಲ್ಲಿ ಗೀರಬಹುದು. ಗ್ರಾನೈಟು ಆರರ ಮೇಲೆ. ಕಬ್ಬಿಣದ ಉಳಿಗೆ ಬಳಪದ ಕಲ್ಲು ಬಾಗುತ್ತದೆ, ಗ್ರಾನೈಟು ಬಾಗುವುದಿಲ್ಲ. ಟಾಲ್ಕ್ ಇರುವ ಇಂಥ ಹಳೇ ಕಲ್ಲುಗಳು ನಮ್ಮ ಕಾಲ ಕೆಳಗೇ ಇವೆ. ಹೊಳೆನರಸೀಪುರದ ಹೆಸರಿನಲ್ಲೊಂದು, ನುಗ್ಗೇಹಳ್ಳಿಯ ಹೆಸರಿನಲ್ಲೊಂದು ಶಿಲಾಪಟ್ಟಿಯನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಹೊಳೆನರಸೀಪುರದ ಪಟ್ಟಿಯ ಕಲ್ಲುಗಳು 300 ಕೋಟಿ ವರ್ಷಕ್ಕೂ ಹಳೆಯವು. ದೇಶವಿದೇಶದ ವಿಜ್ಞಾನಿಗಳು ಅವನ್ನು ನೋಡಲು ಬರುತ್ತಾರೆ. ನುಗ್ಗೇಹಳ್ಳಿ ಪಟ್ಟಿಯಲ್ಲೇ ಬೈರಾಪುರದ ಕ್ರೋಮೈಟ್ ಗಣಿ ಇರುವುದು.

ಕಂಬ ಕಡೆಯುವ ವಿದ್ಯೆ ಮೊದಲು ಹುಟ್ಟಿದ್ದು ಮಾತ್ರ ಇಲ್ಲಲ್ಲ. ಹೊಯ್ಸಳರಿಗಿಂತ ಮುಂಚೆ ಕಲ್ಯಾಣದ ಚಾಲುಕ್ಯರ ನಾಡಿನಲ್ಲಿ, ಲಕ್ಕುಂಡಿ ಇಟಗಿಯ ಕಡೆ, ಇದು ಪಳಗಿತ್ತು. ಇಟಗಿಯ ಮಹಾದೇವ ಗುಡಿ 1112ರದು. ಐದು ವರ್ಷ ಕಳೆದು 1117ರಲ್ಲಿ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ. ಅಲ್ಲಿ ಕೆಲಸ ಮಾಡಿದವರಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇದ್ದರೆಂದು ಅವರ ಸಹಿಗಳೇ ಹೇಳುತ್ತವೆ. ಬಳ್ಳಿಗಾವೆ ಈಗಿನ ಶಿಕಾರಿಪುರ ತಾಲ್ಲೂಕು, ಆಗ ಚಾಲುಕ್ಯರ ಸೀಮೆ. ಕೆಲಸಗಾರರು ಕೆಲಸ ಇರುವಲ್ಲಿಗೆ ಬಂದರು, ಕೈಯೊಳಗಿನ ವಿದ್ಯೆಯೂ ಅವರ ಜೊತೆ ನಡೆದು ಬಂತು.

ದೊಡ್ಡ ಕಲ್ಲನ್ನು ಮಲಗಿಸಿ ತಿರುಗಿಸಿದರೋ, ನಿಲ್ಲಿಸಿ ತಿರುಗಿಸಿದರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯ ಇವೆ. ನಮ್ಮ ಮೇಸ್ತ್ರಿಗೆ ಆ ಪ್ರಶ್ನೆ ಅಷ್ಟು ಮುಖ್ಯ ಅನಿಸಲಿಲ್ಲ. ಅವರು ಕೇಳಿದ್ದು ಬೇರೆ: 'ಒಂದ್ ಕಂಬ ಯಾರಾದ್ರೂ ಹೊಡೀಬಹುದು. ನಾಲ್ಕು ಒಂದೇ ಥರ ಹೆಂಗ್ ಹೊಡುದ್ರು?'

ಈ ಪ್ರಶ್ನೆ ನಮಗೆ ಯಾವ ಪುಸ್ತಕ ಓದಿದಾಗಲೂ ಹೊಳೆದಿರಲಿಲ್ಲ. ನವರಂಗದ ನಡುವಿನ ನಾಲ್ಕು ಕಂಬಗಳು ಸಾಮಾನ್ಯವಾಗಿ ಒಂದೇ ಜಾತಿಯವು. ಅದೇ ಗಂಟೆ, ಅದೇ ಕುತ್ತಿಗೆ, ಅದೇ ತಟ್ಟೆ. ಮೇಲಿನ ತೊಲೆಗಳು ಸಮನಾಗಿ ಕೂರಬೇಕಾದರೆ ಎತ್ತರವೂ ಒಂದೇ ಇರಬೇಕು. ಕಣ್ಣಳತೆಯಲ್ಲಿ ಒಂದು ಬುಗುರಿ ಚೆಂದ ಬರುತ್ತದೆ. ನಾಲ್ಕು ಬುಗುರಿ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ. ಹಾಗಾಗಿ ಅವರ ಬಳಿ ಒಂದು ಅಚ್ಚು ಹಲಗೆ ಇದ್ದಿರಲೇಬೇಕು ಎಂಬುದು ಮೇಸ್ತ್ರಿಯ ತೀರ್ಮಾನ. ಕಂಬದ ಅಂಚಿನ ಗೆರೆಯನ್ನು ಕತ್ತರಿಸಿದ ಹಲಗೆ, ಆಗಾಗ ಕಲ್ಲಿಗೆ ಒಡ್ಡಿ ಬೆಳಕು ನುಸುಳುತ್ತದೋ ಎಂದು ನೋಡಲು. ಹಲಗೆ ಸಿಕ್ಕಿಲ್ಲ, ಮರದ್ದಾದರೆ ಸಿಗುವುದೂ ಇಲ್ಲ. ಆದರೆ ಕೆಲಸ ಗೊತ್ತಿರುವವರ ಈ ಊಹೆಯನ್ನು ನಾವು ನಂಬುತ್ತೇವೆ. ನಮ್ಮ ಲೇತ್‌ನ ಹಿಂದೆ ಬಿಗಿದ ಕಬ್ಬಿಣದ ಪಟ್ಟಿಯೂ ಮಾಡುವುದು ಅದನ್ನೇ: ಮೊದಲನೆಯದರ ಅಳತೆಯನ್ನು ಎರಡನೆಯದಕ್ಕಾಗಿ ನೆನಪಿಟ್ಟುಕೊಳ್ಳುತ್ತದೆ.

ನಡುವೆ ಬಂದ ದೊಡ್ಡ ಬದಲಾವಣೆ ಎಂದರೆ ಉಳಿಯನ್ನು ಕೈಯಿಂದ ಬಿಡಿಸಿದ್ದು. ಲಂಡನ್ನಿನ ಹೆನ್ರಿ ಮಾಡ್ಸ್ಲೆ 1800ರ ಆಸುಪಾಸಿನಲ್ಲಿ ಟೂಲನ್ನು ಸ್ಲೈಡಿಗೆ ಬಿಗಿದು ಸ್ಕ್ರೂವಿನಿಂದ ಓಡಿಸುವ ಲೇತನ್ನು ಪಳಗಿಸಿದ. ಅಲ್ಲಿಂದ ಅಳತೆ ಕೈಯ ಸ್ಥಿರತೆಯನ್ನು ನೆಚ್ಚುವುದು ತಪ್ಪಿತು. ನಮ್ಮ ರಾಜ್ಯಕ್ಕೆ ಇಂಥ ಲೇತ್ ಮಾಡುವ ಕಾರ್ಖಾನೆ ಬಂದದ್ದು 1941ರಲ್ಲಿ, ಹರಿಹರದ ಮೈಸೂರು ಕಿರ್ಲೋಸ್ಕರ್. ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಜೊತೆಗೂಡಿ. ಎಚ್‌ಎಂಟಿ ಅಂದರೆ ನಮಗೆ ಗಡಿಯಾರ ನೆನಪಾಗುತ್ತದೆ, ಅದು ಶುರುವಾದದ್ದು ಮಾತ್ರ ಲೇತ್‌ನಿಂದ. ಕಾರ್ಖಾನೆಗಳು ಬಿಟ್ಟ ಹಳೇ ಲೇತ್‌ಗಳು ಕೈಯಿಂದ ಕೈಗೆ ದಾಟಿ ತಾಲ್ಲೂಕು ಕೇಂದ್ರಗಳ ತಗಡು ಷೆಡ್‌ಗೆ ಬಂದವು. ಅಟ್ಯಾಚ್‌ಮೆಂಟು ಜೊತೆಗೆ ಬರದಿದ್ದರೆ ಮೇಸ್ತ್ರಿಗಳು ತಾವೇ ಮಾಡಿಕೊಂಡರು.

ನುಗ್ಗೇಹಳ್ಳಿಗೆ ಕೊನೆಯಲ್ಲಿ ಹೋದೆವು. ಲಕ್ಷ್ಮೀನರಸಿಂಹ ಗುಡಿ, 1246, ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಹೊರಗೋಡೆಯ ವಿಗ್ರಹಗಳಲ್ಲಿ ದಕ್ಷಿಣದ ಕಡೆಯವು ಬೈಚೋಜನವು, ಉತ್ತರದ ಕಡೆಯವು ಮಲ್ಲಿತಮ್ಮನವು. ಇಬ್ಬರೂ ಹೆಸರು ಕೊರೆದಿಟ್ಟಿದ್ದಾರೆ. ಅದನ್ನು ನೋಡಿ ಮೇಸ್ತ್ರಿ ಒಳಗೆ ಬಂದರು. ಕಂಬದ ಸುತ್ತ ಎರಡು ಸಲ ನಡೆದರು, ಬಗ್ಗಿ ಕೆಳಗೆ ನೋಡಿದರು. 'ಇವ್ನು ಬರ್ಕೊಂಡಿಲ್ವಲ್ಲಾ' ಅಂದರು. ಮುಟ್ಟಲಿಲ್ಲ. ಮುಟ್ಟಿ ಮುಟ್ಟಿ ಜಿಡ್ಡು ಹಿಡಿಸಿದವರು ಬೇಕಾದಷ್ಟು ಜನ ಇದ್ದಾರೆ, ನಾವ್ಯಾಕೆ ಅಂದರು.

ಅವರ ಷೆಡ್ಡು ಇನ್ನೆಷ್ಟು ದಿನವೋ. ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಬೇಕಾದ ಪಿನ್ನು ಪ್ಯಾಕೆಟ್ಟಿನಲ್ಲೇ ಸಿಗುವಾಗ ಕಡೆಸಲು ಬರುವವರು ಕಡಿಮೆ. ಲೇತ್ ಕೊಳ್ಳಲು ಯಾರಾದರೂ ಬರುತ್ತಾರೆ. ಹಿಂದೆ ಬಿಗಿದ ಪಟ್ಟಿಯನ್ನು ಗುಜರಿಯವನು ತೂಕಕ್ಕೆ ಹಾಕುತ್ತಾನೆ. ಹೊರಡುವ ಮುಂಚೆ ಆ ಪಟ್ಟಿಯ ಫೋಟೋ ತೆಗೆದುಕೊಂಡೆವು. ಅದರ ಒಂದು ತುದಿಯಲ್ಲಿ, ಓರೆ ಇಡುವ ಜಾಗದಲ್ಲಿ, ಚೂಪು ಮೊಳೆಯಲ್ಲಿ ಗೀರಿದ ಗೆರೆಗಳಿವೆ. ಒಂದೊಂದು ಗೆರೆಯ ಪಕ್ಕ ಒಂದೊಂದು ಅಕ್ಷರ. 'ಗಾ' ಅಂದರೆ ಗಾಡಿ ಅಚ್ಚು. 'ಟ್ರಾ' ಅಂದರೆ ಟ್ರ್ಯಾಕ್ಟರ್ ಪಿನ್ನು. 'ಮೋ' ಅಂದರೆ ಮೋರ್ಸ್. ನಾಲ್ಕನೆಯ ಗೆರೆಯ ಪಕ್ಕ 'ಕ' ಎಂದಿದೆ. ಅದು ಏನಕ್ಕೆ ಎಂದು ಕೇಳಿದೆವು. ಅವರು ಕನ್ನಡಕ ಮೇಲೆ ಮಾಡಿ ಸುಮಾರು ಹೊತ್ತು ನೋಡಿದರು. ಅದು ತಮ್ಮ ಗುರುಗಳು ಗೀರಿದ್ದು, ಕಬ್ಬಿನ ಗಾಣದ್ದಿರಬಹುದು, ಕೇಳಿಟ್ಟುಕೊಳ್ಳಲಿಲ್ಲ ಎಂದರು.